ಮಿಶ್ರಿಕೋಟಿಯ ಪಡಸಾಲೆಯಲ್ಲೊಂದು ರೇಸು

ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ಇನ್ನೂ ವಾರವಾಗಿರಲಿಲ್ಲ. ಬಡಿಗೇರ ಅಜ್ಜನ ಮನೆಯ ಜಗಲಿಯ ಮೇಲೆ ಜೋಡಿ ಮಣ್ಣೆತ್ತು ಹಾಗೇ ಕೂತಿದ್ದವು. ಮುಂದಿನ ಮಣ್ಣಿನ ಗ್ವಾದಲಿಯಲ್ಲಿ ನಾಲ್ಕು ಜೋಳದ ಕಾಳು. ಹೊರಗೆ ಬೆಳಗಿನಿಂದ ಬಿಟ್ಟೂಬಿಡದ ಜಿಟಿಜಿಟಿ. ಹುಬ್ಬಳ್ಳಿಯ ಮಳೆ ಬಂದು ಹೋಗುವ ಜಾತಿಯದು, ಮಿಶ್ರಿಕೋಟಿಯದು ಬಂದು ಕೂರುವ ಜಾತಿಯದು. ಕಲಘಟಗಿ ತಾಲೂಕೆಂದರೆ ಮಲೆನಾಡಿನ ಸೆರಗು. ಭತ್ತ, ಗೋವಿನಜೋಳ, ಸೋಯಾಬೀನ್, ಹತ್ತಿ ಎಲ್ಲವೂ ಇಲ್ಲಿ ಮಗ್ಗುಲಲ್ಲೇ ಬೆಳೆಯುತ್ತವೆ. ನೆಲಕ್ಕೂ ಒಂದು ವಾಲು ಇದೆ. ನವಲಗುಂದದ ಎರೆಹೊಲದಲ್ಲಿ ಚೆಂಡು ಇಟ್ಟರೆ ಇಟ್ಟಲ್ಲೇ ಇರುತ್ತದೆ. ಇಲ್ಲಿ ಇಟ್ಟವರು ಅದರ ಹಿಂದೆ ಓಡಬೇಕು. ನೀರು ಕೂಡ ಆ ಕಡೆ ಬಿದ್ದದ್ದು ಬೆಣ್ಣಿಹಳ್ಳ ಹಿಡಿದು ಮಲಪ್ರಭೆ, ಕೃಷ್ಣೆಯ ದಾರಿಯಲ್ಲಿ ಮೂಡಣ ಕಡಲಿಗೆ ಹೋದರೆ, ಕಲಘಟಗಿಯ ಕಡೆಯದು ಬೇಡ್ತಿಯನ್ನು ಸೇರಿ ಪಡುವಣ ಕಡಲಿಗೆ ಇಳಿಯುತ್ತದೆ.

ಈ ವಾಲಿನ ಮೇಲೆ ಕಣ್ಣಿಟ್ಟವಳು ಅಜ್ಜನ ಮೊಮ್ಮಗಳು, ಐದನೇ ಇಯತ್ತೆಯ ಹುಡುಗಿ. ಮೊದಲು ಕೇಳಿದ್ದು ಮಣ್ಣೆತ್ತಿಗೆ ಹೂಡಲು ಒಂದು ಪುಟ್ಟ ಚಕ್ಕಡಿ. ಅಷ್ಟರಲ್ಲಿ ಅವಳಪ್ಪನ ಮೊಬೈಲಿಗೆ ಅಮೆರಿಕದಲ್ಲಿರುವ ಸಂಬಂಧಿಕರೊಬ್ಬರ ವಿಡಿಯೊ ಬಂತು. ಅವರ ಮಗ ಗೇಣುದ್ದದ ಕಟ್ಟಿಗೆಯ ಕಾರೊಂದನ್ನು ಎತ್ತರದ ಹಲಗೆಯಿಂದ ಬಿಡುತ್ತಾನೆ. ಅದು ಪಕ್ಕದ ಮೂರು ಕಾರುಗಳ ಜೊತೆ ಸರ್ರನೆ ಜಾರಿ ಕಣ್ಣು ಮಿಟುಕಿಸುವಷ್ಟರಲ್ಲಿ ಗೆರೆ ದಾಟುತ್ತದೆ. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ, ತಳ್ಳುವವರಿಲ್ಲ. ಚಕ್ಕಡಿಯ ಮಾತು ಅಲ್ಲಿಗೆ ಬಿತ್ತು.

"ಅಜ್ಜಾ, ಎತ್ತ ಬ್ಯಾಡ. ಎತ್ತಿಲ್ದ ಓಡೂದ ಮಾಡಿಕೊಡು."

"ಎತ್ತಿಲ್ದ ಓಡೂದಂದ್ರ ಟ್ರ್ಯಾಕ್ಟರ್. ಅದ ಬಂದ ನನ್ನ ಕೆಲಸಾ ಹೋತಲ್ಲ ಯವ್ವಾ" ಎಂದು ಅಜ್ಜ ನಕ್ಕರು.

ಅಜ್ಜನ ಅರ್ಧ ಆಯುಷ್ಯ ಚಕ್ಕಡಿಯ ಗಾಲಿ ಮಾಡುವುದರಲ್ಲೇ ಕಳೆದಿದೆ. ಈಗ ಕೈಯಲ್ಲಿರುವುದು ಬಾಗಿಲು, ಕಿಟಕಿ, ಅಪರೂಪಕ್ಕೊಂದು ದೇವರ ಮಂಟಪ. ನಾನು ಅಲ್ಲಿಗೆ ಹೋಗಿದ್ದೂ ಒಂದು ಕಿಟಕಿ ಚೌಕಟ್ಟಿನ ಸಲುವಾಗಿ. ಚೌಕಟ್ಟು ಗೋಡೆಗೆ ಒರಗಿತ್ತು, ಅಜ್ಜನ ಗಮನ ಬೇರೆಡೆ ಇತ್ತು. ಮಳೆಯಲ್ಲಿ ಎದ್ದು ಹೋಗುವಂತಿರಲಿಲ್ಲ, ಕೂತೆ. ಕೂತವನಿಗೆ ಅವರು ಕೆಲಸವನ್ನೂ ಕೊಟ್ಟರು: "ಸರ, ಇದನ್ನೊಂಚೂರು ಹಿಡೀರಿ."

ವಿಡಿಯೊದಲ್ಲಿದ್ದ ಆಟದ ಹೆಸರು ಪೈನ್‌ವುಡ್ ಡರ್ಬಿ. ಅದಕ್ಕಿಂತ ಹಿರಿಯದು ಸೋಪ್ ಬಾಕ್ಸ್ ಡರ್ಬಿ. ಅದರಲ್ಲಿ ಮಕ್ಕಳೇ ಒಳಗೆ ಕೂತು ಗುಡ್ಡದ ರಸ್ತೆಯಲ್ಲಿ ಇಳಿಯುತ್ತಾರೆ. 1933ರಲ್ಲಿ ಓಹಾಯೊ ರಾಜ್ಯದ ಡೇಟನ್ ಎಂಬ ಊರಲ್ಲಿ ಹುಡುಗರು ಪೆಟ್ಟಿಗೆಗೆ ಗಾಲಿ ಕಟ್ಟಿಕೊಂಡು ಇಳಿಜಾರಿನಲ್ಲಿ ಹಾರುತ್ತಿದ್ದುದನ್ನು ಮೈರನ್ ಸ್ಕಾಟ್ ಎಂಬ ಪತ್ರಿಕಾ ಛಾಯಾಗ್ರಾಹಕ ಕಂಡು ಅದಕ್ಕೊಂದು ಸ್ಪರ್ಧೆಯ ರೂಪ ಕೊಟ್ಟ. 1935ರಿಂದ ಆ ಓಟ ಆಕ್ರನ್ ನಗರದಲ್ಲಿ ನಡೆಯುತ್ತಿದೆ. ಕ್ಯಾಲಿಫೋರ್ನಿಯಾದ ಡಾನ್ ಮರ್ಫಿಯ ಮಗನಿಗೆ ಅದರಲ್ಲಿ ಕೂರುವ ವಯಸ್ಸಾಗಿರಲಿಲ್ಲ. ಹಟ ಹಿಡಿದ ಮಗನನ್ನು ಸಮಾಧಾನ ಮಾಡಬೇಕಲ್ಲ. ಅಪ್ಪ ಕಾರನ್ನೇ ಕಿರಿದು ಮಾಡಿದ. 1953ರಲ್ಲಿ ಮ್ಯಾನ್‌ಹಟನ್ ಬೀಚ್‌ನ ಕಬ್ ಸ್ಕೌಟ್ ಮಕ್ಕಳ ನಡುವೆ ಮೊದಲ ಓಟ ನಡೆಯಿತು. ಒಂದು ಪೈನ್ ತುಂಡು, ನಾಲ್ಕು ಗಾಲಿ, ಅಚ್ಚಿಗೆ ನಾಲ್ಕು ಮೊಳೆ. ಉದ್ದ 7 ಇಂಚು, ತೂಕ 5 ಔನ್ಸ್ ಮೀರಬಾರದು. ನಮ್ಮ ಲೆಕ್ಕದಲ್ಲಿ ಸುಮಾರು 141 ಗ್ರಾಂ. ಅಲ್ಲಿನ ಕನ್ನಡದ ಮನೆಗಳಿಗೂ ಈ ಆಟ ಹೊಕ್ಕಿರುವುದು ಮಕ್ಕಳ ಸ್ಕೌಟ್ ಗುಂಪುಗಳ ಮೂಲಕವೇ. ಮಗನಿಗಿಂತ ಅಪ್ಪನೇ ರಾತ್ರಿಯೆಲ್ಲ ಗ್ಯಾರೇಜಿನಲ್ಲಿ ಕೂತು ಕಾರು ಉಜ್ಜುವುದು ಆ ಆಟದ ಹಳೆಯ ಜೋಕು.

ಮಿಶ್ರಿಕೋಟಿಯಲ್ಲಿ ಪೈನ್ ಎಲ್ಲಿಂದ ತರುವುದು? ಅಜ್ಜ ಎದ್ದುಹೋಗಿ ಅಟ್ಟದ ಕೆಳಗಿನಿಂದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯೊಂದನ್ನು ಎಳೆದು ತಂದರು. ಹುಬ್ಬಳ್ಳಿಗೆ ಮಷಿನ್ ತುಂಬಿಕೊಂಡು ಬಂದ ಪೆಟ್ಟಿಗೆಯದು, ಮೇಲೆ ಯಾವುದೋ ದೇಶದ ಮುದ್ರೆ. ಬೆಳ್ಳಗೆ, ಹಗುರ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಹುಡುಗಿಗೆ ಬೇಸರ. ಅವಳಿಗೆ ಮೂಲೆಯಲ್ಲಿದ್ದ ಸಾಗವಾನಿ ತುಂಡೇ ಬೇಕು.

"ಸಾಗವಾನಿ ವಜ್ಜಾ. ತೂಕಾ ನಮಗ ಬೇಕು, ಖರೆ. ಆದ್ರ ಎಲ್ಲಿ ಬೇಕೋ ಅಲ್ಲಿ ಬೇಕು. ಕಟ್ಟಿಗೀನ ತೂಕಾ ತಿಂದಬಿಟ್ರ ಇಡೂದ ಎಲ್ಲೆ?"

ಚಕ್ಕಡಿ ಕಟ್ಟುವವರ ಲೆಕ್ಕ ಇದು. ಚಕ್ಕಡಿಯಲ್ಲಿ ಹೇರು ಮುಂದಾದರೆ ನೊಗ ಎತ್ತಿನ ಕುತ್ತಿಗೆಯ ಮೇಲೆ ಕೂರುತ್ತದೆ, ಹಿಂದಾದರೆ ಮೂಕಿ ಮೇಲೇಳುತ್ತದೆ. ಹೇರನ್ನು ಅಚ್ಚಿನ ಮೇಲೆ ಸರಿಯಾಗಿ ಕೂರಿಸುವುದು ಒಂದು ವಿದ್ಯೆ. ಇಳಿಜಾರಿನ ಕಾರಿನಲ್ಲಿ ಮಾತ್ರ ತೂಕ ತುಸು ಹಿಂದೆಯೇ ಇರಬೇಕು. ಕಾರು ಮೂತಿ ಕೆಳಗೆ ಮಾಡಿ ನಿಂತಾಗ ಹಿಂಭಾಗವೇ ಎತ್ತರದಲ್ಲಿರುತ್ತದೆ. ಅಲ್ಲಿಟ್ಟ ತೂಕ ಹೆಚ್ಚು ಎತ್ತರದಿಂದ ಇಳಿಯುತ್ತದೆ, ಇಳಿದಷ್ಟೂ ಓಟಕ್ಕೆ ಬಲ. ತೀರಾ ಹಿಂದಕ್ಕೆ ಹೋದರೆ ಮುಂದಿನ ಗಾಲಿಗಳಿಗೆ ನೆಲದ ಹಿಡಿತ ತಪ್ಪಿ ಕಾರು ಕುಡಿದವರ ಹಾಗೆ ಅತ್ತಿತ್ತ ಬಡಿದುಕೊಳ್ಳುತ್ತದೆ. ಹಿಂದಿನ ಅಚ್ಚಿನಿಂದ ಒಂದು ಇಂಚು ಮುಂದಕ್ಕೆ ಸಮತೂಕದ ಜಾಗ ಬರುವಂತೆ ಮಾಡುವುದು ಈ ಆಟದಲ್ಲಿ ಪಳಗಿದವರ ರೂಢಿ. ಅಜ್ಜ ಚೂಪಿನ ಉಳಿಯ ಬೆನ್ನಿನ ಮೇಲೆ ತುಂಡನ್ನು ತೂಗಿಸಿ ನೋಡಿ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಕಬ್ಬಿಣದ ನಟ್ಟುಗಳು ಕೂರಲು ಹೊಟ್ಟೆಯ ಕಡೆ ಗುಳಿ ತೆಗೆದರು. ಗರಗಸ ಹಿಡಿದದ್ದು ಅಜ್ಜ, ರಂದಾ ಹೊಡೆದದ್ದು ಹುಡುಗಿ. ಸುರುಳಿ ಸುರುಳಿಯಾಗಿ ಎದ್ದ ಹೊಟ್ಟನ್ನು ಅವಳು ಕಿವಿಗೆ ಜುಮಕಿಯಂತೆ ಸಿಕ್ಕಿಸಿಕೊಂಡಳು. ಕಾರಿನ ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆ ತೆಳ್ಳಗೆ, ಹಿಂದೆ ದಪ್ಪ, ಅಷ್ಟೆ. ಇಷ್ಟು ಕಿರಿದಾದ ಓಟದಲ್ಲಿ ಗಾಳಿ ಕಳೆಯುವುದಕ್ಕಿಂತ ಗಾಲಿ ಕಳೆಯುವುದೇ ಹೆಚ್ಚು.

ಹಾಗಾಗಿ ಗಾಲಿಗೆ ಬರೋಣ. ಬೀಟೆಯ ಚೂರೊಂದನ್ನು ಲೇತಿಗೆ ಕಟ್ಟಿ ಎಂಟಾಣೆಯಷ್ಟಗಲದ ಬಿಲ್ಲೆಗಳನ್ನು ಕೊಯ್ದರು. ಒಳಮೈಯನ್ನು ಕೆರೆದು ತೆಳ್ಳಗೆ ಮಾಡಿದರು. ಕಾರಿನ ತೂಕ ಹೆಚ್ಚಿದ್ದರೆ ಒಳ್ಳೆಯದು, ಗಾಲಿಯ ತೂಕ ಹೆಚ್ಚಿದ್ದರೆ ಕೆಟ್ಟದ್ದು. ಯಾಕೆಂದರೆ ಗಾಲಿ ಮುಂದೆ ಹೋಗುವುದಷ್ಟೇ ಅಲ್ಲ, ತಿರುಗಲೂಬೇಕು. ಇಳಿಜಾರು ಕೊಟ್ಟ ಬಲದಲ್ಲಿ ಒಂದು ಪಾಲನ್ನು ಅದು ತಿರುಗುವುದಕ್ಕೇ ಖರ್ಚು ಮಾಡುತ್ತದೆ.

ಇನ್ನು ಅಚ್ಚು. ಅಂಗಡಿಯ ಮೊಳೆಯನ್ನು ನಾವ್ಯಾರೂ ಸರಿಯಾಗಿ ನೋಡಿರುವುದಿಲ್ಲ. ಅಜ್ಜ ಒಂದನ್ನು ಹುಡುಗಿಯ ಕೈಗಿಟ್ಟು "ಉಗುರಿಂದ ಸವರು" ಎಂದರು. ಸವರಿದಳು. ತಲೆಯಿಂದ ಕೂದಲೆಳೆಯಷ್ಟು ಕೆಳಗೆ ಉಗುರು ಟಕ್ಕೆಂದು ನಿಂತಿತು. ನಾನೂ ಸವರಿದೆ. ಮೊಳೆ ಮಾಡುವಾಗ ಯಂತ್ರದ ದವಡೆ ತಂತಿಯನ್ನು ಕಚ್ಚಿ ಹಿಡಿಯುತ್ತದೆ. ಆ ಹಲ್ಲಿನ ಗುರುತು ಮೊಳೆಯ ಕುತ್ತಿಗೆಯ ಸುತ್ತ ಅಡ್ಡಗೀರುಗಳಾಗಿ ಉಳಿದಿರುತ್ತದೆ. ತಲೆಯ ಅಡಿಯಲ್ಲಿ ಅಂಚಿನ ಒಂದು ಮುಳ್ಳು. ಬಾಗಿಲಿಗೆ ಬಡಿಯುವಾಗ ಅದು ಲೆಕ್ಕಕ್ಕಿಲ್ಲ. ಬೀಟೆಯ ಗಾಲಿ ಅದರ ಮೇಲೆ ಸುತ್ತಬೇಕಾದಾಗ ಒಂದೊಂದು ಸುತ್ತಿಗೂ ಅದು ಕೆರೆಯುತ್ತದೆ. ಅಜ್ಜ ಮೊಳೆಯನ್ನು ಡ್ರಿಲ್ ಮಷಿನ್ನಿನ ಬಾಯಿಗೆ ಕೊಟ್ಟು ತಿರುಗಿಸಿದರು. ಹುಡುಗಿ ಸಣ್ಣ ಫೈಲನ್ನು ತಾಗಿಸಿದಳು. ಆಮೇಲೆ ವಾಟರ್ ಪೇಪರ್, ಮೊದಲು ಒರಟಿನದು, ನಂತರ ನುಣುಪಿನದು, ಪ್ರತಿ ಸಲವೂ ನೀರು ತಾಗಿಸಿ. ಕೊನೆಗೆ ಹಳೇ ಧೋತರದ ಚೂರಿನ ಮೇಲೆ ಟೂತ್‌ಪೇಸ್ಟ್. ಕಪ್ಪು ಕೀಟು ಬಟ್ಟೆಗಿಳಿದು ಮೊಳೆ ಕನ್ನಡಿಯಾಯಿತು. ಬಾಗಿಲ ಬೆಳಕು ಅದರ ಮೇಲೆ ಒಂದೇ ಗೆರೆಯಾಗಿ ನಿಂತಿತು. ಗೆರೆ ಎಲ್ಲೂ ನಡುಗದಿದ್ದರೆ ಮೊಳೆ ನೆಟ್ಟಗಿದೆ ಎಂದರ್ಥ.

ಮಳೆಗಾಲದ ಕಾಟ ಇನ್ನೊಂದು. ಕಟ್ಟಿಗೆ ತೇವ ಕುಡಿದು ಉಬ್ಬುತ್ತದೆ, ಗಾಲಿಯ ತೂತು ಬಿಗಿಯಾಗುತ್ತದೆ. ಚಕ್ಕಡಿಯದು ಇದರ ತಿರುಗುಮುರುಗು: ಬೇಸಿಗೆಯಲ್ಲಿ ಗಾಲಿ ಒಣಗಿ ಕಬ್ಬಿಣದ ಪಟ್ಟಿ ಸಡಿಲವಾದರೆ ರೈತರು ಗಾಲಿಯನ್ನು ಕೆರೆಯಲ್ಲಿ ನೆನೆಹಾಕುತ್ತಿದ್ದರು. ಅಜ್ಜ ತೂತಿನ ಒಳಗೋಡೆಗೆ ಅರಗಿನ ಪಾಲಿಶ್ ಸವರಿ ಒಣಗಲು ಬಿಟ್ಟರು. ಅರಗು ಈ ಸೀಮೆಗೆ ಹೊಸದಲ್ಲ. ಪಕ್ಕದ ಕಲಘಟಗಿಯ ಸಾಗವಾನಿ ತೊಟ್ಟಿಲುಗಳ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣನ ಬಾಲಲೀಲೆಗಳು ತಲೆಮಾರುಗಳ ತನಕ ಮಾಸದೆ ಉಳಿಯುವುದು ಬಣ್ಣದ ಮೇಲಿನ ಅರಗಿನ ಹೊದಿಕೆಯಿಂದಲೇ. ನಟ ಅಂಬರೀಶ್ ತೀರಿಕೊಳ್ಳುವ ಮೊದಲು ಯಶ್ ಅವರ ಮಗಳಿಗೆಂದು ಹೇಳಿ ಮಾಡಿಸಿದ್ದ ತೊಟ್ಟಿಲು ಅಲ್ಲಿಯದೇ. ಅದು ಸುದ್ದಿಯಾದ ಮೇಲೆ ಬೆಂಗಳೂರಿನವರಿಗೂ ಕಲಘಟಗಿಯ ಹೆಸರು ಬಾಯಿಗೆ ಬಂತು.

ತೂಕ ಮಾಡಿಸಲು ಕಿರಾಣಿ ಅಂಗಡಿಯ ತಕ್ಕಡಿ ಸಾಲದು, ಅದು ಐದು ಗ್ರಾಮಿಗೊಮ್ಮೆ ಜಿಗಿಯುತ್ತದೆ. ಹುಡುಗಿ ಪತ್ತಾರರ ಅಂಗಡಿಗೆ ಓಡಿದಳು. ಚಿನ್ನ ತೂಗುವ ಯಂತ್ರದ ಗಾಜಿನ ಗೂಡಿನೊಳಗೆ ಕಾರು ಕೂತಿತು. ಎರಡು ನಟ್ಟು ತೆಗೆದು, ಒಂದು ವಾಷರ್ ಸೇರಿಸಿ, 141ರ ಹತ್ತಿರ ನಿಲ್ಲಿಸಿದರು. ಪತ್ತಾರ ಮಾಮಾ ಕೂಲಿಯಾಗಿ ಒಂದು ಓಟ ತೋರಿಸಬೇಕೆಂದು ಕೇಳಿದರಂತೆ.

ಓಟದ ಹಾದಿಗೆ ಎರಡು ಉದ್ದನೆಯ ಪ್ಲೈವುಡ್ ಪಟ್ಟಿ, ನಡುವೆ ಕಾರು ದಾರಿ ತಪ್ಪದಂತೆ ತೆಳು ರೀಪು. ಮೇಲಿನ ತುದಿ ಕಟ್ಟೆಯ ಮೇಲೆ, ಕೆಳತುದಿ ಪಡಸಾಲೆಯ ಫರಸಿಯ ಮೇಲೆ. ಎರಡು ಪಟ್ಟಿ ಕೂಡುವಲ್ಲಿ ಅಕ್ಕಿಕಾಳಿನಷ್ಟು ಮೆಟ್ಟಿಲು ಉಳಿದರೂ ಕಾರು ಎಗರುತ್ತದೆ. ಅಜ್ಜ ಕಣ್ಣು ಮುಚ್ಚಿ ಬೆರಳಾಡಿಸಿ ಅದನ್ನು ಹುಡುಕಿ ಸವರಿದರು. ನನಗೆ ಗೆಲಿಲಿಯೊ ನೆನಪಾದ. 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಆತ ಬರೆದಿರುವ ಹಲಗೆಯ ಅಳತೆ ನಮ್ಮ ಬಡಿಗನಿಗೂ ತಿಳಿಯುವಂಥದು: ಹನ್ನೆರಡು ಮೊಳ ಉದ್ದ, ಅರ್ಧ ಮೊಳ ಅಗಲ, ಮೂರು ಬೆರಳು ದಪ್ಪ. ನಡುವೆ ಬೆರಳಗಲಕ್ಕಿಂತ ತುಸು ಹೆಚ್ಚಿನ ಕಾಲುವೆ, ಅದಕ್ಕೆ ನುಣುಪಾದ ಚರ್ಮಪತ್ರದ ಹೊದಿಕೆ, ಅದರಲ್ಲಿ ಉರುಳುವ ಕಂಚಿನ ಗುಂಡು. ಗಡಿಯಾರದ ಬದಲು ಪಾತ್ರೆಯಿಂದ ಸಣ್ಣಗೆ ಸುರಿವ ನೀರನ್ನು ಹಿಡಿದು ತೂಗಿ ಹೊತ್ತು ಅಳೆಯುತ್ತಿದ್ದ. ಇದನ್ನು ಹೇಳಿದಾಗ ಅಜ್ಜ ಪಟ್ಟಿ ಸವರುತ್ತಲೇ ಅಂದರು: "ಅಂವಾ ಬಡಿಗ್ಯಾನ ಇರಬೇಕ ತಗೋರಿ."

ಹುಡುಗಿಗೂ ಹೊತ್ತು ಅಳೆಯುವ ಆಸೆ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತಳು. ಕಾರು ಜಾರುವುದು ಎರಡು ಕ್ಷಣದ ಮಾತು. ಬಿಟ್ಟಾಗ ಒತ್ತುವ ಬೆರಳು, ಮುಟ್ಟಿದಾಗ ಒತ್ತುವ ಬೆರಳು, ಎರಡರ ತಡವೇ ಕಾರಿನ ಸುಧಾರಣೆಗಿಂತ ದೊಡ್ಡದು. ಒಂದು ಸಲ ಬಂದ ಅಂಕಿ ಇನ್ನೊಂದು ಸಲ ಬರಲಿಲ್ಲ. ಅಜ್ಜ ಮೊಬೈಲನ್ನು ಪಕ್ಕಕ್ಕಿಡಿಸಿದರು.

"ಖಾಲಿ ಗಾಡಾ ಹೆಂಗ ಅಳೀತಾರ?"

ಹುಡುಗಿಯ ಕಣ್ಣು ಅರಳಿತು. ಧಾರವಾಡ, ಹಾವೇರಿ, ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡದ ಮಕ್ಕಳು ಕಡಿಮೆ. ಜೋಡೆತ್ತು, ಹೇರಿಲ್ಲದ ಚಕ್ಕಡಿ, ಒಂದು ನಿಮಿಷ. ಸೀಟಿ ಊದಿದಾಗ ಎಲ್ಲಿ ತಲುಪಿತೋ ಅಲ್ಲಿಗೆ ಟೇಪು ಹಿಡಿದು ಅಡಿಗಳಲ್ಲಿ ಎಣಿಕೆ. ಅಲ್ಲಿ ಹೊತ್ತು ಎಲ್ಲರಿಗೂ ಒಂದೇ, ದೂರದಲ್ಲೇ ಸೋಲು ಗೆಲುವು. ಇಲ್ಲಿ ಹೊತ್ತಿನ ಗೊಡವೆಯೇ ಬೇಡ. ಇಳಿಜಾರು ಎಲ್ಲರಿಗೂ ಒಂದೇ. ಹಲಗೆ ಇಳಿದ ಮೇಲೆ ಫರಸಿಯ ಮೇಲೆ ಕಾರು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೋ ಅದೇ ಅದರ ಅಂಕ. ಅಚ್ಚಿನಲ್ಲಿ ಎಳೆತ ಎಷ್ಟಿದೆಯೆಂದು ಆ ದೂರ ಯಾವ ಗಡಿಯಾರಕ್ಕಿಂತ ಚೆನ್ನಾಗಿ ಹೇಳುತ್ತದೆ. ಈ ಪದ್ಧತಿಯನ್ನು ನಾನು ಮೆಚ್ಚಿದೆ. ಫರಸಿಯ ಸಂದುಗಳು ಕೈಲಿದ್ದ ಟೇಪಿನ ಕೆಲಸವನ್ನು ಅರ್ಧ ಕಡಿಮೆ ಮಾಡಿದ್ದವು.

ಮೊದಲ ಓಟ ಐದನೇ ಫರಸಿಯಲ್ಲಿ ಸತ್ತಿತು. ಅಜ್ಜ ಕೀಲೆಣ್ಣೆ ತಂದರು. ಚಕ್ಕಡಿಯ ಅಚ್ಚಿಗೆ ಹಚ್ಚುವ ಆ ಕಪ್ಪು ಎಣ್ಣೆ ಅವರ ಪಾಲಿಗೆ ಸರ್ವರೋಗದ ಮದ್ದು. ನಾಲ್ಕೂ ಮೊಳೆಗೆ ಒಂದೊಂದು ಹನಿ ಬಿಟ್ಟರು. ಕಾರು ನಾಲ್ಕನೇ ಫರಸಿಯನ್ನೂ ಪೂರ್ತಿ ದಾಟಲಿಲ್ಲ. ಅಜ್ಜ ಕಾರನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಗಾಲಿ ತಿರುಗಿಸಿದರು. ಅಂಟು ಎಳೆಯುತ್ತಿತ್ತು.

"ಇದು ಹತ್ತು ಚೀಲದ ಹೇರಿಗೆ ಇರೂ ಎಣ್ಣಿ. ಇದಕ್ಕ ಹೇರೇ ಇಲ್ಲಲ್ಲ" ಎಂದು ತಾವೇ ಹೇಳಿಕೊಂಡರು. ಭಾರವಾದ ಹೇರು ಮಂದ ಎಣ್ಣೆಯನ್ನು ಒತ್ತಿ ತನಗೆ ಬೇಕಾದಷ್ಟು ಪದರ ಮಾಡಿಕೊಳ್ಳುತ್ತದೆ. ಎರಡು-ಮೂರು ಚಟಾಕು ತೂಕದ ಕಾರಿಗೆ ಅದೇ ಎಣ್ಣೆ ಕೆಸರು. ಮೇಲಾಗಿ ಎಣ್ಣೆ ಧೂಳನ್ನೂ ಕರೆಯುತ್ತದೆ. ಬೇಕಾದದ್ದು ಒಣ ಜಾರುಪುಡಿ, ಅಂದರೆ ಗ್ರಾಫೈಟ್. ಅದು ಹುಡುಗಿಯ ಕಂಪಾಸ್ ಪೆಟ್ಟಿಗೆಯಲ್ಲೇ ಇತ್ತು. ಮೊಳೆಗಳನ್ನೆಲ್ಲ ಕಿತ್ತು ಒರೆಸಿ, ತೂತು ಒಣಗಿಸಿ, ಚಿತ್ರ ಬಿಡಿಸುವ 6ಬಿ ಪೆನ್ಸಿಲನ್ನು ಪಾಲಿಶ್ ಪೇಪರಿನ ಮೇಲೆ ಉಜ್ಜಿದಳು. ಬರೆಯುವ ಗಟ್ಟಿ ಪೆನ್ಸಿಲಿನ ಕಡ್ಡಿಯಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚು, ಬಿ ಮುಂದಿನ ಅಂಕಿ ಏರಿದಂತೆ ಗ್ರಾಫೈಟ್ ಹೆಚ್ಚು. ಕಪ್ಪು ಪುಡಿಯನ್ನು ತೂತಿಗೆ ತುಂಬಿ, ಗಾಲಿ ತಿರುಗಿಸಿ, ಮತ್ತೆ ತುಂಬಿ. ಬೆರಳು, ಕೆನ್ನೆ, ಫ್ರಾಕು ಎಲ್ಲಕ್ಕೂ ಮಸಿ. ಒಳಗಿನಿಂದ ಅವ್ವನ ಧ್ವನಿ ಬಂತು, "ನಿನ್ನ ಅರಿವಿ ನೀನ ಒಗ್ಯಾಕಿ."

ಎಂಟನೇ ಫರಸಿ. ಆದರೆ ಕಾರು ಎಡಕ್ಕೆ ವಾಲಿ ಗೋಡೆಗೆ ಬಡಿಯಿತು.

ಅವಳು ತಕ್ಷಣ ಮುಂದಿನ ಗಾಲಿ ಬಿಚ್ಚಿ, ಹಿಂದಿನ ನಟ್ಟನ್ನೂ ಸರಿಸಲು ಹೊರಟಳು. ಅಜ್ಜ ಕೈ ಹಿಡಿದರು.

"ಯವ್ವಾ, ಒಂದ ಸಲಕ್ಕ ಒಂದ ಮುಟ್ಟು. ಎರಡು ಮುಟ್ಟಿದಿ ಅಂದ್ರ ಯಾವುದು ಕೆಲಸಾ ಮಾಡ್ತು ಅಂತ ಯಾರ್ನ ಕೇಳ್ತಿ?"

ಸುಣ್ಣ ಹಚ್ಚಿದ ದಾರವನ್ನು ಎರಡು ತುದಿಗೆ ಎಳೆದು ಮೀಟಿದರು. ಫರಸಿಯ ಮೇಲೆ ಬೆಳ್ಳನೆ ನೇರ ಗೆರೆ ಬಿತ್ತು. ಅದರ ಮೇಲೆ ಕಾರನ್ನು ಮೆಲ್ಲಗೆ ದೂಡಿ ಎಷ್ಟು ದೂರಕ್ಕೆ ಎಷ್ಟು ತಪ್ಪುತ್ತದೆಂದು ನೋಡುವುದು. ತಪ್ಪು ಎಡ ಮುಂಗಾಲಿಯದು ಎಂದು ತಿಳಿದ ಮೇಲೆ ಆ ಮೊಳೆಯನ್ನು ಹೊರತೆಗೆದು, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಅತಿ ಮೆಲ್ಲನೆ ಒಂದು ಪೆಟ್ಟು. ಕಣ್ಣಿಗೆ ಕಾಣದಷ್ಟು ಬಾಗು. ಅದರ ತಲೆಗೆ ಫೈಲಿನಿಂದ ಒಂದು ಗೀರು. ಈಗ ಆ ಗೀರನ್ನು ಇಕ್ಕಳದಿಂದ ಅತ್ತ ತಿರುಗಿಸಿದರೆ ಕಾರು ಅತ್ತ, ಇತ್ತ ತಿರುಗಿಸಿದರೆ ಇತ್ತ. ಸ್ಟೇರಿಂಗ್ ಇಲ್ಲದ ಕಾರಿಗೆ ಬಾಗಿದ ಮೊಳೆಯೇ ಸ್ಟೇರಿಂಗ್. ನೆಟ್ಟಗೆ ಮಾಡಲು ಅಷ್ಟು ಹೊತ್ತು ಒದ್ದಾಡಿದ ಮೊಳೆಯನ್ನೇ ಬೇಕೆಂದು ಬಾಗಿಸಿದ್ದು ಹುಡುಗಿಗೆ ಅನ್ಯಾಯವೆನಿಸಿತು. ಹೇಳಿಯೂ ಬಿಟ್ಟಳು.

ಬಲ ಮುಂಗಾಲಿಯನ್ನು ಅಜ್ಜ ನೆಲದಿಂದ ಕಾಗದದಷ್ಟು ಮೇಲಕ್ಕೆ ಎತ್ತಿ ಕೂರಿಸಿದರು. ಈಗ ನೆಲ ಮುಟ್ಟುವುದು ಮೂರೇ ಗಾಲಿ. ಅಮೆರಿಕದ ಪೋರರೂ ಇದನ್ನೇ ಮಾಡುತ್ತಾರೆ ಎಂದು ನಾನು ಹೇಳಿದೆ. ತಿರುಗುವ ಗಾಲಿ ಒಂದು ಕಡಿಮೆಯಾದರೆ ಅದರ ಎಳೆತವೂ ಕಡಿಮೆ. ಅಜ್ಜನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ನಮ್ಮ ಚಕ್ಕಡಿ ಎರಡ ಗಾಲೀ ಮ್ಯಾಲ ಹೊಕ್ಕಿತ್ತರಿ. ಇವ್ರಿಗೆ ನಾಕ ಯಾಕ ಬೇಕಿತ್ತೋ."

ಮಳೆ ನಿಂತಿತು. ನಿಂತದ್ದೇ ತಡ ರಸ್ತೆಯಿಂದ ಗರಗರ ಸದ್ದು: ಬೇರಿಂಗ್ ಗಾಡಿ. ಒಂದು ಹಲಗೆ, ಹಿಂದೆ ಎರಡು ಬೇರಿಂಗ್, ಮುಂದೆ ಬೋಲ್ಟಿನ ಮೇಲೆ ತಿರುಗುವ ಅಡ್ಡಪಟ್ಟಿಗೆ ಒಂದು. ಗ್ಯಾರೇಜಿನಲ್ಲಿ ಬಿಸಾಕಿದ ಬೇರಿಂಗ್ ಬೇಡಿ ತಂದು ಕರ್ನಾಟಕದ ಊರೂರಿನ ಹುಡುಗರು ಕಟ್ಟಿಕೊಂಡ ಸೋಪ್ ಬಾಕ್ಸ್ ಡರ್ಬಿ ಅದು. ಪ್ರಾಯೋಜಕರಿಲ್ಲ, ಹೆಲ್ಮೆಟ್ಟಿಲ್ಲ, ಮೊಣಕಾಲಿನ ಗಾಯವೇ ಪದಕ. ಟಾರು ಕಂಡಲ್ಲಿ ಇಳಿಜಾರು ಹುಡುಕುತ್ತ ಬಂದ ಹುಡುಗರು ಪಡಸಾಲೆಯೊಳಗೆ ಇಣುಕಿದರು. ಹುಡುಗಿ ಕಾರು ಬಿಟ್ಟಳು. ಹಲಗೆ ಇಳಿದು, ಸುಣ್ಣದ ಗೆರೆ ಹಿಡಿದು, ಹನ್ನೊಂದನೇ ಫರಸಿ ದಾಟಿ ಹೊಸ್ತಿಲಿಗೆ ತಾಗಿ ನಿಂತಿತು.

"ಅಷ್ಟೇನಾ?" ಎಂದ ದೊಡ್ಡ ಹುಡುಗ. ಮನೆಗೆ ಓಡಿಹೋಗಿ ಪ್ಲಾಸ್ಟಿಕ್ ಕಾರೊಂದನ್ನು ತಂದ. ಅದರ ಹೊಟ್ಟೆಯೊಳಗೆ ಟ್ರ್ಯಾಕ್ಟರಿನ ಬೋಲ್ಟುಗಳನ್ನು ತುರುಕಿ ಟೇಪು ಸುತ್ತಿದ್ದ. ಇನ್ನೊಬ್ಬ ನಾಲ್ಕು ಬಾಟಲಿ ಮುಚ್ಚಳಕ್ಕೆ ಕಡ್ಡಿ ಚುಚ್ಚಿದ್ದನ್ನು ಹಿಡಿದು ಬಂದ. ಹುಡುಗಿ ಹಲಗೆಯ ಮೇಲ್ತುದಿಗೆ ಕೈ ಅಡ್ಡ ಹಿಡಿದು ನಿಂತಳು.

"ಹಂಗ ಬಿಡೂ ಹಂಗಿಲ್ಲ. ನೂರಾ ನಲವತ್ತೊಂದು ಗ್ರಾಂ. ಹೋಗಿ ತೂಕಾ ಮಾಡಿಸ್ಕೊಂಡ ಬರ್ರಿ ಮೊದ್ಲ."

"ಎಲ್ಲೆ?"

"ಪತ್ತಾರ ಮಾಮಾನ ಅಂಗಡ್ಯಾಗ."

ಮಂಗಳಸೂತ್ರ ಮಾಡಿಸಲು ಬಂದಿದ್ದ ಮದುವೆ ಮನೆಯವರನ್ನು ಪಕ್ಕಕ್ಕೆ ಸರಿಸಿ ಹುಡುಗರು ಅಂಗಡಿಯ ಮುಂದೆ ಸಾಲು ಹಚ್ಚಿದರು. ಬೇರಿಂಗ್ ಗಾಡಿಯವನು ಮಾತ್ರ ತನ್ನ ಗಾಡಿಯನ್ನೂ ಆ ಗಾಜಿನ ಗೂಡಿನಲ್ಲಿ ತೂಗಲೇಬೇಕೆಂದು ಪತ್ತಾರ ಮಾಮಾನ ಜೊತೆ ಜಗಳಕ್ಕಿಳಿದಿದ್ದ.